ಆಡುವವರಿದ್ದಾರೆ, ನೋಡುವವರೆಲ್ಲಿ?

1831ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡಿತು. ಮಲೆನಾಡಿನ ನಗರ ಸೀಮೆಯ ರೈತರ ದಂಗೆ ಅದಕ್ಕೆ ಒಳ್ಳೆಯ ನೆಪವಾಯಿತು. ಅರಸರಿಗೆ ಅರಮನೆ ಉಳಿಯಿತು, ದಸರಾ ದರ್ಬಾರು ಉಳಿಯಿತು, ಹೊತ್ತಂತೂ ಹೇರಳವಾಗಿ ಉಳಿಯಿತು. 1868ರಲ್ಲಿ ತೀರಿಕೊಳ್ಳುವವರೆಗಿನ 37 ವರ್ಷಗಳಲ್ಲಿ ಅವರು ಮನಸ್ಸಿಟ್ಟು ಮಾಡಿದ ಕೆಲಸಗಳಲ್ಲಿ ಆಟ ಕಟ್ಟುವುದೂ ಒಂದು. ಚದುರಂಗದ ಕುದುರೆಯನ್ನು ಒಂದೇ ಮನೆಗೆ ಎರಡು ಸಲ ಕಾಲಿಡದಂತೆ 64 ಮನೆಗಳಲ್ಲೂ ಓಡಿಸುವ ಒಗಟುಗಳನ್ನು ಬಿಡಿಸಿದರು. 300ಕ್ಕೂ ಹೆಚ್ಚು ಎಲೆಗಳಿರುವ ಛದ ಗಂಜೀಫಾ ಎಂಬ ಇಸ್ಪೀಟಿನಂಥ ಆಟದ ಕಟ್ಟುಗಳನ್ನು ರೂಪಿಸಿದರು. ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಈ ಆಟಗಳಿಗೆ ಜಾಗ ಕೊಟ್ಟರು. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೂ ಆಟದ ಮನೆಗಳ ಚಿತ್ರಗಳಿವೆ.

ಇದನ್ನು ಪಲಾಯನ ಅನ್ನಬಹುದೇ? ಅಧಿಕಾರ ಕಳೆದುಕೊಂಡ ದೊರೆ ಮಣೆಯ ಮೇಲೆ ಕಾಯಿ ನಡೆಸುತ್ತ ಕೂತ ಎಂದು ವ್ಯಂಗ್ಯವಾಡುವುದು ಸುಲಭ. ಆದರೆ ಅದೇ ದೊರೆ ಅದೇ ವರ್ಷಗಳಲ್ಲಿ, ರಾಜ್ಯ ವಾಪಸ್ ಕೊಡಿ ಎಂದು ಬ್ರಿಟಿಷರಿಗೆ ಮನವಿಯ ಮೇಲೆ ಮನವಿ ಬರೆಯುವುದನ್ನೂ ಬಿಡಲಿಲ್ಲ. ದತ್ತು ತೆಗೆದುಕೊಂಡರು, ಆ ದತ್ತನ್ನು ಒಪ್ಪಿಸಿದರು, ಕೊನೆಗೆ 1881ರಲ್ಲಿ ರಾಜ್ಯ ಹಿಂದಿರುಗಿದ್ದು ಆ ಮಗನ ಕೈಗೇ. ಆಟವೂ ನಡೆಯಿತು, ಹೋರಾಟವೂ ನಡೆಯಿತು. ವಿಡಿಯೋ ಗೇಮ್ ಬಗ್ಗೆ ನಾವು ಆಡುವ ಮಾತಿನಲ್ಲಿ ಈ ಎರಡನ್ನೂ ಒಟ್ಟಿಗೆ ನೋಡುವ ತಾಳ್ಮೆ ಕಾಣುವುದಿಲ್ಲ.

‘ಹುಡುಗ ಮೂರು ಹೊತ್ತೂ ಮೊಬೈಲ್‌ನಲ್ಲೇ ಇರ್ತಾನೆ, ಲೋಕದ ಪರಿವೇನೇ ಇಲ್ಲ’ ಎಂಬ ದೂರು ಕುವೆಂಪುನಗರದಲ್ಲೂ ಅಷ್ಟೇ, ಮದ್ದೂರಿನ ಹಳ್ಳಿಯಲ್ಲೂ ಅಷ್ಟೇ. ದೂರು ಹೇಳುವವರು ಸಂಜೆ ಏಳರಿಂದ ಹತ್ತರವರೆಗೆ ಧಾರಾವಾಹಿಯ ಅತ್ತೆ ಮನೆಯಲ್ಲೋ ಐಪಿಎಲ್ ಮೈದಾನದಲ್ಲೋ ವಾಟ್ಸಾಪ್ ರಾಜಕೀಯದಲ್ಲೋ ಇರುತ್ತಾರೆ, ಅದನ್ನು ಯಾರೂ ಪಲಾಯನ ಎನ್ನುವುದಿಲ್ಲ. ಇರಲಿ. ತಪ್ಪಿಸಿಕೊಳ್ಳುವುದು ಎಲ್ಲರಿಗೂ ಬೇಕು ಎಂದು ಒಪ್ಪಿಕೊಂಡ ಮೇಲೆಯೇ ಉಪಯೋಗದ ಪ್ರಶ್ನೆ ಹುಟ್ಟುತ್ತದೆ: ಯಾವ ಥರದ ತಪ್ಪಿಸಿಕೊಳ್ಳುವಿಕೆ?

ನಾರ್ವೆಯ ಮನಶ್ಶಾಸ್ತ್ರಜ್ಞ ಫ್ರೋಡೆ ಸ್ಟೆನ್ಸೆಂಗ್ ಮತ್ತು ಸಂಗಡಿಗರು 2012ರಲ್ಲಿ ಇದಕ್ಕೆ ಒಂದು ಒಳ್ಳೆಯ ಉತ್ತರ ಕೊಟ್ಟರು. ಜನ ತಮ್ಮಿಂದ ತಾವು ತಪ್ಪಿಸಿಕೊಳ್ಳುವುದು ಎರಡು ದಾರಿಯಲ್ಲಿ. ಒಂದು, ತನ್ನನ್ನು ಅದುಮಿಕೊಳ್ಳುವುದು: ತಲೆಯಲ್ಲಿ ಕೊರೆಯುತ್ತಿರುವುದು ಕೇಳಿಸದಿರಲಿ ಎಂದು ಇನ್ನೊಂದರಲ್ಲಿ ಮುಳುಗುವುದು. ಇನ್ನೊಂದು, ತನ್ನನ್ನು ಹಿಗ್ಗಿಸಿಕೊಳ್ಳುವುದು: ಇಲ್ಲಿ ಸಿಗದ ಒಂದು ಅನುಭವ ಅಲ್ಲಿ ಸಿಗುತ್ತದೆ ಎಂದು ಹೋಗುವುದು. ಮೊದಲನೆಯ ದಾರಿ ಹಿಡಿದವರ ಮನಸ್ಸು ಸೊರಗುತ್ತ ಹೋಗುವ ಸಂಭವ ಹೆಚ್ಚು, ಎರಡನೆಯವರದು ಹಾಗಲ್ಲ.

ಸರಸ್ವತಿಪುರಂನ ಒಂದು ಪಿಜಿಯಲ್ಲಿ ಇಬ್ಬರು ಇಂಜಿನಿಯರಿಂಗ್ ಹುಡುಗರಿದ್ದಾರೆ ಅಂದುಕೊಳ್ಳಿ. ಇಬ್ಬರೂ ರಾತ್ರಿ ಎರಡೆರಡು ಗಂಟೆ ಆಡುತ್ತಾರೆ. ಒಬ್ಬನಿಗೆ ಮೂರು ಬ್ಯಾಕ್‌ಲಾಗ್ ಇವೆ, ಪರೀಕ್ಷಾ ಶುಲ್ಕ ಕಟ್ಟುವ ದಿನ ಹತ್ತಿರ ಬಂದಿದೆ, ಮನೆಗೆ ಇನ್ನೂ ಹೇಳಿಲ್ಲ. ಗೇಮ್ ತೆರೆದರೆ ಅದ್ಯಾವುದೂ ನೆನಪಿಗೆ ಬರುವುದಿಲ್ಲ. ಇನ್ನೊಬ್ಬ ತರಗತಿಯಲ್ಲಿ ಬಾಯಿ ಬಿಡದ ಹುಡುಗ, ಇಂಗ್ಲಿಷ್ ಬರುವುದಿಲ್ಲ ಎಂಬ ಅಳುಕು. ಆದರೆ ಆಟದ ನಾಲ್ವರ ತಂಡದಲ್ಲಿ, ಅಂದರೆ ಸ್ಕ್ವಾಡ್‌ನಲ್ಲಿ, ಎಲ್ಲಿ ಇಳಿಯಬೇಕು, ಯಾರು ಮುಂದೆ ಹೋಗಬೇಕು, ಯಾವಾಗ ಹಿಂದೆ ಸರಿಯಬೇಕು ಅಂತ ಹೇಳುವವನು ಅವನೇ, ಮತ್ತು ಉಳಿದ ಮೂವರು ಕೇಳುತ್ತಾರೆ. ಗಂಟೆ ಲೆಕ್ಕ ಹಾಕುವ ಅಪ್ಪನ ಕಣ್ಣಿಗೆ ಇಬ್ಬರೂ ಒಂದೇ. ಒಬ್ಬನೇ ಹುಡುಗ ಒಂದೇ ರಾತ್ರಿಯಲ್ಲಿ ಎರಡೂ ಆಗಬಹುದು ಅನ್ನುವುದನ್ನೂ ಸೇರಿಸಬೇಕು: ಒಂಬತ್ತು ಗಂಟೆಗೆ ಹಿಗ್ಗಲು ಆಡುವವನು ಎರಡು ಗಂಟೆಗೆ ನಿದ್ದೆ ಬಾರದ ತಲೆಯನ್ನು ಮುಚ್ಚಿಕೊಳ್ಳಲು ಆಡುತ್ತಿರುತ್ತಾನೆ.

ಆಟಗಳು ಯಾಕೆ ಇಷ್ಟು ಚೆನ್ನಾಗಿ ಎಳೆದುಕೊಳ್ಳುತ್ತವೆ ಎಂಬುದಕ್ಕೂ ಸಿದ್ಧಾಂತವಿದೆ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಪ್ರಕಾರ ಮನುಷ್ಯನಿಗೆ ಮೂರು ಮಾನಸಿಕ ಹಸಿವುಗಳಿವೆ: ತನ್ನ ನಿರ್ಧಾರ ತಾನೇ ಮಾಡಬೇಕು, ಏನಾದರೂ ತನ್ನ ಕೈಲಿ ಆಗುತ್ತದೆ ಅನ್ನಿಸಬೇಕು, ನಾಲ್ಕು ಜನ ತನ್ನವರು ಅನ್ನಿಸಬೇಕು. ರಯಾನ್ ಮತ್ತು ಇಬ್ಬರು ಸಹೋದ್ಯೋಗಿಗಳು 2006ರಲ್ಲಿ ಇದನ್ನು ವಿಡಿಯೋ ಗೇಮ್‌ಗಳ ಮೇಲೆ ಇಟ್ಟು ನೋಡಿದರು, ಆಟದ ರುಚಿ ಈ ಮೂರರಲ್ಲೇ ಇತ್ತು. ಮಂಡ್ಯದ ಒಂದು ಮನೆಯಲ್ಲಿ ಇದನ್ನೇ ಇಟ್ಟು ನೋಡಿ. ಕಬ್ಬು ಕಡಿದು ಗಾಡಿ ತುಂಬಿಸಿ ಕಳಿಸಿದ ಮೇಲೆ ದುಡ್ಡು ಬರಲು ಎಷ್ಟು ತಿಂಗಳೆಂದು ಯಾರಿಗೂ ಖಾತ್ರಿಯಿಲ್ಲ. ನಾಲೆಯಲ್ಲಿ ನೀರು ಯಾವಾಗ ಬಿಡುತ್ತಾರೆ ಎನ್ನುವುದನ್ನು ಕೆಆರ್‌ಎಸ್ ಮಟ್ಟವೂ ತಮಿಳುನಾಡಿನ ಜೊತೆಗಿನ ವ್ಯಾಜ್ಯವೂ ಸೇರಿ ತೀರ್ಮಾನಿಸುತ್ತವೆ. ಎರಡು ವರ್ಷ ಓದಿದ್ದರ ಬೆಲೆ ಒಂದು ಸಿಇಟಿ ರ‍್ಯಾಂಕ್ ಹೇಳುತ್ತದೆ. ಆಟದಲ್ಲಿ ಮಾತ್ರ ಮಾಡಿದ್ದಕ್ಕೆ ಫಲ ಅರ್ಧ ಗಂಟೆಯೊಳಗೆ ಕಾಣುತ್ತದೆ. ಸೋತರೂ ಲಾಬಿಗೆ ಬಂದು ಇನ್ನೊಂದು ಮ್ಯಾಚ್ ಒತ್ತಿದರಾಯಿತು. ಸೋಲು ಇಷ್ಟು ಅಗ್ಗವಾಗಿ ಸಿಗುವ ಜಾಗ ನಮ್ಮ ಹುಡುಗರಿಗೆ ಬೇರೆಲ್ಲಿದೆ?

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಈ ಜಾಗ ಹಳ್ಳಿಗೂ ತಲುಪಿತು. ಪಬ್ಜಿ ಬಂತು, 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು, 2021ರಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು, 2022ರಲ್ಲಿ ಮತ್ತೆ ಕಣ್ಮರೆಯಾಗಿ 2023ರಲ್ಲಿ ಮತ್ತೆ ಬಂತು. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ, ಸುತ್ತಲಿನ ಜೋನ್, ಅಂದರೆ ಬದುಕಿರಬಹುದಾದ ಜಾಗ, ಕುಗ್ಗುತ್ತ ಬರುತ್ತದೆ, ಕೊನೆಗೆ ಉಳಿದ ತಂಡ ಗೆಲ್ಲುತ್ತದೆ. ಆಟ ಇಷ್ಟೇ. ಆದರೆ ಕಿವಿಗೊಟ್ಟು ಕೇಳಿದರೆ ನಡೆಯುವುದು ಬೇರೆ. ‘ಲೋ, ನಾಕ್ ಆದೆ ಕಣ್ರೋ, ರಿವೈವ್ ಕೊಡ್ರೋ.’ ‘ತಡ್ಕೋ ಮಗಾ, ಸ್ಮೋಕ್ ಹಾಕ್ತೀನಿ, ಮರದ ಹಿಂದಕ್ಕೆ ತೆವಳು.’ ‘ನೀನು ಲೂಟ್ ಮಾಡ್ಕೊಂಡು ಕೂತ್ಕೊ, ಇವನು ಸಾಯ್ಲಿ.’ (ನಾಕ್ ಎಂದರೆ ಪೆಟ್ಟು ತಿಂದು ಬಿದ್ದದ್ದು, ರಿವೈವ್ ಎಂದರೆ ಬಿದ್ದವನನ್ನು ಎಬ್ಬಿಸುವುದು, ಲೂಟ್ ಎಂದರೆ ಬಿದ್ದಿರುವ ಸಾಮಾನು ಬಾಚಿಕೊಳ್ಳುವುದು.) ಒಬ್ಬ ಪೀಣ್ಯದ ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಬಂದವನು, ಒಬ್ಬ ಮೈಸೂರಿನ ಹೆಬ್ಬಾಳದ ರೂಮಿನಲ್ಲಿ, ಇಬ್ಬರು ಊರಿನಲ್ಲೇ ಉಳಿದವರು. ಪಿಯುಸಿ ಆದ ಮೇಲೆ ಚದುರಿಹೋದ ಗೆಳೆತನ ಈ ನಾಲ್ಕು ದನಿಗಳಲ್ಲಿ ಇನ್ನೂ ಉಸಿರಾಡುತ್ತದೆ. ಮ್ಯಾಚ್ ನಡುವೆ ‘ಅಪ್ಪಂಗೆ ಶುಗರ್ ಜಾಸ್ತಿ ಆಗೈತೆ ಕಣೋ’ ಎಂಬ ಸುದ್ದಿಯೂ ಹಾದುಹೋಗುತ್ತದೆ. ಫೋನ್ ಮಾಡಿ ಆ ಮಾತು ಹೇಳುವಷ್ಟು ಧೈರ್ಯ ಆ ವಯಸ್ಸಿನ ಗಂಡುಹುಡುಗರಿಗೆ ಇರುವುದಿಲ್ಲ. ಕೈಗೆ ಕೆಲಸ ಕೊಟ್ಟು ಬಾಯಿ ಬಿಡಿಸುವುದು ಆಟದ ಒಂದು ಗುಣ.

ಕಾಯಿಲೆ ಎಲ್ಲಿ ಶುರುವಾಗುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ಪಟ್ಟಿಯಲ್ಲಿ, ಅಂದರೆ 2022ರ ಜನವರಿಯಿಂದ ಜಾರಿಯಲ್ಲಿರುವ ಐಸಿಡಿ-11ರಲ್ಲಿ, ಗೇಮಿಂಗ್ ಡಿಸಾರ್ಡರ್‌ಗೆ ಜಾಗವಿದೆ. ಅದರಲ್ಲಿ ಗಂಟೆಗಳ ಲೆಕ್ಕವೇ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಊಟ ನಿದ್ದೆ ಓದು ಎಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಬಿಡಲಾಗದಿರಬೇಕು, ಇದರಿಂದ ಬದುಕೇ ಹದಗೆಟ್ಟಿರಬೇಕು. ಸಾಮಾನ್ಯವಾಗಿ ಇದೆಲ್ಲ ಒಂದು ವರ್ಷ ಮುಂದುವರಿದಿರಬೇಕು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಶಟ್ ಕ್ಲಿನಿಕ್ ಎಂಬ ಹೆಸರಿನಲ್ಲಿ ಇದಕ್ಕೆಂದೇ ಒಂದು ಸೇವೆ ತೆರೆಯಿತು. ಬೇಸಿಗೆ ರಜೆಯಲ್ಲಿ ಮೊಮ್ಮಗ ಆಡಿದ್ದಕ್ಕೆ ‘ಅಡಿಕ್ಷನ್’ ಎಂದು ಕೂಗುವ ಮುನ್ನ ಈ ಅಳತೆಗಳನ್ನು ಒಮ್ಮೆ ನೋಡುವುದು ಒಳ್ಳೆಯದು.

ಹಣ ಕಟ್ಟಿ ಆಡುವ ರಮ್ಮಿ, ಫ್ಯಾಂಟಸಿ ಲೀಗ್‌ಗಳನ್ನು ಈ ಚರ್ಚೆಯೊಳಗೆ ನಾನು ತರುವುದಿಲ್ಲ. ಅವುಗಳ ಸೆಳೆತ ಕಳೆದದ್ದನ್ನು ವಾಪಸ್ ಗೆಲ್ಲುವ ಹಟ, ಅದು ಜೂಜಿನ ಕಥೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾಯ್ದೆಯೂ ಹಣದ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು, ಅಂದರೆ ಪಂದ್ಯವಾಗಿ ಆಡುವ ವಿಡಿಯೋ ಗೇಮ್‌ಗಳನ್ನು, ಬೇರೆಯಾಗಿಯೇ ಇಟ್ಟಿದೆ.

ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು

ಮೊಬೈಲ್ ಆಟದಲ್ಲಿ ನೀವು ಎಷ್ಟೇ ಮುಳುಗಿದ್ದರೂ ಪರದೆಯ ಅಂಚಿನಾಚೆ ಗೋಡೆ ಕಾಣುತ್ತಿರುತ್ತದೆ, ಸೊಳ್ಳೆ ಕಚ್ಚಿದ್ದು ಗೊತ್ತಾಗುತ್ತದೆ. ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ತೆಗೆದುಹಾಕುವುದು ಈ ಅಂಚನ್ನು. ಮುಖಕ್ಕೆ ಕಟ್ಟಿಕೊಳ್ಳುವ ಪೆಟ್ಟಿಗೆಯೊಳಗೆ, ಅಂದರೆ ಹೆಡ್‌ಸೆಟ್‌ನೊಳಗೆ, ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ, ನಡುವೆ ಮಸೂರಗಳು. ಎರಡು ಚಿತ್ರಗಳ ನಡುವಿನ ಚಿಕ್ಕ ವ್ಯತ್ಯಾಸದಿಂದ ಮೆದುಳು ಆಳವನ್ನು ಕಟ್ಟಿಕೊಳ್ಳುತ್ತದೆ. ಇಷ್ಟಾದರೆ ಅದು ತ್ರೀಡಿ ಸಿನಿಮಾ. ವಿಆರ್‌ನ ಗುಟ್ಟು ಇರುವುದು ತಲೆಯ ಚಲನೆಯಲ್ಲಿ. ನೀವು ಕತ್ತು ತಿರುಗಿಸಿದ ಕೂಡಲೇ ಚಿತ್ರವೂ ಅಷ್ಟೇ ತಿರುಗಬೇಕು. ಕತ್ತು ತಿರುಗಿದ್ದಕ್ಕೂ ಚಿತ್ರ ಬದಲಾದದ್ದಕ್ಕೂ ನಡುವೆ 20 ಮಿಲಿಸೆಕೆಂಡಿಗಿಂತ, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಡವಾದರೆ ಮೋಸ ಬಯಲಾಗುತ್ತದೆ.

ಅದು ಬಯಲಾದದ್ದನ್ನು ಮೊದಲು ಪತ್ತೆ ಮಾಡುವುದು ಕಿವಿ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ, ತಲೆ ಯಾವ ಕಡೆ ಎಷ್ಟು ತಿರುಗಿತು ಎಂದು ಲೆಕ್ಕ ಇಡುವುದು ಅವುಗಳ ಕೆಲಸ. (ತಲೆ ಸುತ್ತು ಬಂದವರ ಕಿವಿಯನ್ನು ಪರೀಕ್ಷೆ ಮಾಡುವುದು ಯಾಕೆಂದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿಬಂದವರಿಗೆ ವಿವರಿಸಬೇಕಿಲ್ಲ.) ವಿಆರ್ ಆಟದಲ್ಲಿ ಕಾರು ಓಡುತ್ತಿದೆ ಎಂದು ಕಣ್ಣು ವರದಿ ಮಾಡುತ್ತದೆ, ನಾವು ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದೇವೆ ಎಂದು ಕಿವಿ ವರದಿ ಮಾಡುತ್ತದೆ. ಈ ಜಗಳದ ತೀರ್ಪು ಹೊಟ್ಟೆಯಲ್ಲಿ ಆಗುತ್ತದೆ, ವಾಕರಿಕೆ ಬರುತ್ತದೆ. ಮಡಿಕೇರಿ ಘಾಟಿಯಲ್ಲಿ ಬಸ್ಸಿನೊಳಗೆ ಪುಸ್ತಕ ಓದಲು ಹೋದವರಿಗೆ ಆಗುವುದೂ ಇದರದೇ ತಿರುವುಮುರುವು: ಅಲ್ಲಿ ಕಿವಿ ಚಲನೆ ಅನ್ನುತ್ತದೆ, ಕಣ್ಣು ಅಲ್ಲ ಅನ್ನುತ್ತದೆ.

ಮೋಸ ಫಲಿಸಿದಾಗ ಏನಾಗುತ್ತದೆ ಎಂಬುದನ್ನು ಮಾಲ್‌ಗಳ ವಿಆರ್ ಕೌಂಟರ್ ಮುಂದೆ ಹತ್ತು ನಿಮಿಷ ನಿಂತರೆ ನೋಡಬಹುದು. ಎತ್ತರದ ಕಟ್ಟಡದಿಂದ ಹೊರಚಾಚಿದ ಹಲಗೆಯ ಮೇಲೆ ನಡೆಯುವ ಆಟ ಎಲ್ಲ ಕಡೆಯೂ ಇರುತ್ತದೆ. ಟೈಲ್ಸ್ ನೆಲದ ಮೇಲೆ ನಿಂತಿರುವ ದೃಢಕಾಯದ ಮನುಷ್ಯ ಒಂದು ಹೆಜ್ಜೆ ಎತ್ತಿಡಲು ಒದ್ದಾಡುತ್ತಾನೆ, ಮೊಣಕಾಲು ನಡುಗುತ್ತದೆ, ಕೈ ಗಾಳಿಯಲ್ಲಿ ಆಸರೆ ಹುಡುಕುತ್ತದೆ. ನೆಲದ ಮೇಲಿದ್ದೇನೆ ಎಂದು ಅವನಿಗೆ ಗೊತ್ತು, ಗೊತ್ತಿರುವುದರಿಂದ ಏನೂ ಉಪಯೋಗವಿಲ್ಲ. ಮೆಲ್ ಸ್ಲೇಟರ್ ಎಂಬ ವಿಜ್ಞಾನಿ 2009ರಲ್ಲಿ ಇದನ್ನು ಎರಡು ಭ್ರಮೆಗಳಾಗಿ ಬಿಡಿಸಿದರು. ನಾನು ಅಲ್ಲಿದ್ದೇನೆ ಎಂಬ ಭ್ರಮೆ ಒಂದು, ಅಲ್ಲಿ ನಡೆಯುತ್ತಿರುವುದು ನಿಜಕ್ಕೂ ನಡೆಯುತ್ತಿದೆ ಎಂಬ ಭ್ರಮೆ ಇನ್ನೊಂದು. ಎರಡೂ ಕೂಡಿದಾಗ ಮನುಷ್ಯ ನಿಜವಾದ ಜಾಗದಲ್ಲಿ ನಡೆದುಕೊಳ್ಳುವ ಹಾಗೆಯೇ ನಡೆದುಕೊಳ್ಳುತ್ತಾನೆ.

ಈ ಶಕ್ತಿಯನ್ನು ಆಸ್ಪತ್ರೆಗಳೂ ಬಹಳ ಹಿಂದೆಯೇ ಗುರುತಿಸಿದವು ಎನ್ನುವುದು ನನಗೆ ಇಷ್ಟವಾದ ಸಂಗತಿ. 1990ರ ದಶಕದ ಕೊನೆಯಲ್ಲೇ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಸಂಗಡಿಗರು ಸುಟ್ಟಗಾಯದ ರೋಗಿಗಳಿಗೆ ವಿಆರ್ ತೊಡಿಸಿ ನೋಡಿದರು. ಸುಟ್ಟಗಾಯದ ಪಟ್ಟಿ ಬದಲಿಸುವ ನೋವು ಔಷಧಿಗೂ ಪೂರ್ತಿ ಬಗ್ಗುವುದಿಲ್ಲ. ಆ ಹೊತ್ತಿನಲ್ಲಿ ರೋಗಿ ಹಿಮದ ಕಣಿವೆಯಲ್ಲಿ ತೇಲುತ್ತ ಪೆಂಗ್ವಿನ್‌ಗಳ ಮೇಲೆ ಹಿಮದುಂಡೆ ಎಸೆಯುತ್ತಾನೆ. ನೋವು ಕಡಿಮೆಯಾಯಿತೆಂದು ರೋಗಿಗಳು ಹೇಳಿದರು, ಗಮನ ಬೇರೆಡೆ ಹೋದಷ್ಟೂ ನೋವಿಗೆ ಉಳಿಯುವ ಜಾಗ ಕಡಿಮೆ. ಇದು ಅಪ್ಪಟ ಪಲಾಯನ, ವೈದ್ಯರೇ ಬರೆದುಕೊಟ್ಟದ್ದು.

ವಿಆರ್ ಹೊಸದೂ ಅಲ್ಲ. ಇವಾನ್ ಸದರ್ಲೆಂಡ್ 1968ರಲ್ಲಿ ಕಟ್ಟಿದ ಯಂತ್ರ ಎಷ್ಟು ಭಾರವಿತ್ತೆಂದರೆ ಅದನ್ನು ಚಾವಣಿಗೆ ತೂಗುಹಾಕಬೇಕಾಯಿತು. 1995ರಲ್ಲಿ ನಿಂಟೆಂಡೊ ಒಂದು ಕೆಂಪು-ಕಪ್ಪು ಚಿತ್ರಗಳ ಯಂತ್ರ ಮಾಡಿ ಕೈಸುಟ್ಟುಕೊಂಡಿತು. 2012ರಲ್ಲಿ ಆಕ್ಯುಲಸ್ ಎಂಬ ವಿಆರ್ ಕಂಪನಿ ಬಂತು, 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು, 2021ರಲ್ಲಿ ತನ್ನ ಹೆಸರನ್ನೇ ಮೆಟಾ ಎಂದು ಬದಲಿಸಿಕೊಂಡಿತು. ವಿಆರ್ ಯಂತ್ರಗಳನ್ನು ಮಾಡುವ ವಿಭಾಗದಲ್ಲಿ ಅದು 2024ರ ಒಂದೇ ವರ್ಷ ಕಳೆದುಕೊಂಡದ್ದು ಸುಮಾರು 1,770 ಕೋಟಿ ಡಾಲರ್. ಇಷ್ಟು ಸುರಿದ ಮೇಲೂ ಹೆಡ್‌ಸೆಟ್ ಮನೆಮಾತಾಗಿಲ್ಲ. ಅರ್ಧ ಕೆಜಿ ತೂಕವನ್ನು ಮೂಗಿನ ಮೇಲೆ ಹೊತ್ತು ಸಂಜೆ ಕಳೆಯುವ ಉಮೇದು ಜನರಿಗೆ ಅಷ್ಟಾಗಿ ಇಲ್ಲ.

ದುರ್ಯೋಧನನ ಕಿರೀಟ

ಬೇರೆ ಒಬ್ಬನಾಗುವ ಆಸೆ ಮಂಡ್ಯಕ್ಕೆ ಹೊಸದಲ್ಲ. ಇಲ್ಲಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟುವಾಗ ಪಾತ್ರಕ್ಕೆ ದುಡ್ಡು ಕೊಡುವವರು ಪಾತ್ರಧಾರಿಗಳೇ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ಸೈನಿಕನಿಗೆ ಇಷ್ಟು ಎಂದು ದರ ಇರುತ್ತದೆ. ಗದ್ದೆ ಕೆಲಸ ಮುಗಿಸಿ ಬಂದವರು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕಂದಪದ್ಯ ಉರು ಹೊಡೆಯುತ್ತಾರೆ. ನಾಟಕದ ರಾತ್ರಿ ಬಾಡಿಗೆಯ ಕಿರೀಟ, ಭುಜಕೀರ್ತಿ, ಗದೆ. ಸಹಕಾರ ಸಂಘದ ಕಾರ್ಯದರ್ಶಿಯ ಎದುರು ದನಿ ಎತ್ತದ ಮನುಷ್ಯ ಆವತ್ತು ಹಸ್ತಿನಾವತಿಯ ಚಕ್ರವರ್ತಿ, ಬೆಳಗಿನ ಜಾವ ನಾಲ್ಕರವರೆಗೂ. ಬಳಗದವರು ವೇದಿಕೆ ಹತ್ತಿ ಹಾರ ಹಾಕುತ್ತಾರೆ, ನೋಟು ಚುಚ್ಚುತ್ತಾರೆ, ಮೈಕಿನಲ್ಲಿ ಹೆಸರು ಕೂಗಿಸುತ್ತಾರೆ. ವೇಷ ತೊಟ್ಟಾಗ ನಡಿಗೆ ಬದಲಾಗುತ್ತದೆ, ಮಾತು ಬದಲಾಗುತ್ತದೆ. ಮರುದಿನವೂ ಆ ಗತ್ತು ಸ್ವಲ್ಪ ಉಳಿದಿರುತ್ತದೆ ಎಂದು ಮನೆಯವರು ನಗುವುದುಂಟು.

ಸ್ಟ್ಯಾನ್‌ಫರ್ಡ್‌ನ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ 2007ರಲ್ಲಿ ತೋರಿಸಿಕೊಟ್ಟದ್ದು ಹೆಚ್ಚುಕಡಿಮೆ ಇದನ್ನೇ. ವಿಆರ್‌ನಲ್ಲಿ ಕೆಲವರಿಗೆ ಎತ್ತರದ ಅವತಾರ, ಅಂದರೆ ಆ ಲೋಕದೊಳಗಿನ ದೇಹ, ಕೊಟ್ಟರು, ಕೆಲವರಿಗೆ ಕುಳ್ಳಗಿನದು, ಆಮೇಲೆ ಹಣ ಹಂಚಿಕೊಳ್ಳುವ ಚೌಕಾಸಿಗೆ ಕೂರಿಸಿದರು. ಎತ್ತರದ ಅವತಾರ ಸಿಕ್ಕವರು ತಮಗೆ ಹೆಚ್ಚು ಪಾಲು ಕೇಳಿದರು, ಕುಳ್ಳಗಿನವರು ಅನ್ಯಾಯದ ಪಾಲಿಗೂ ಒಪ್ಪಿಕೊಂಡರು. ಸುಂದರ ಮುಖ ಸಿಕ್ಕವರು ಎದುರಿನವರ ಹತ್ತಿರ ಹೋಗಿ ನಿಂತರು. ಗ್ರೀಕ್ ಪುರಾಣದ ರೂಪ ಬದಲಿಸುವ ದೇವತೆಯ ಹೆಸರಿನಿಂದ ಇದನ್ನು ಪ್ರೋಟಿಯಸ್ ಪರಿಣಾಮ ಎನ್ನುತ್ತಾರೆ.

ಆದರೆ ನಾಟಕಕ್ಕೂ ಹೆಡ್‌ಸೆಟ್‌ಗೂ ಒಂದು ವ್ಯತ್ಯಾಸವಿದೆ, ವಿಆರ್ ಬಗ್ಗೆ ನನಗೆ ಹೇಳಬೇಕೆನ್ನಿಸುವ ಮುಖ್ಯ ಮಾತು ಅದೇ. ನಾಟಕದಲ್ಲಿ ಊರೆಲ್ಲ ಕೂತು ನೋಡುತ್ತಿರುತ್ತದೆ. ಆ ಮನುಷ್ಯ ಯಾರೆಂದು ಎಲ್ಲರಿಗೂ ಗೊತ್ತು, ಚಕ್ರವರ್ತಿಯ ಅಬ್ಬರ ಮಿತಿ ಮೀರಿದರೆ ‘ಸಾಕು ಕಣಣ್ಣ’ ಎಂದು ಕೂಗುವವನು ಮುಂದಿನ ಸಾಲಿನಲ್ಲೇ ಇದ್ದಾನೆ. ಚೌಕಾಬಾರ ಆಡುವಾಗಲೂ ಆಡುವವರು ನಾಲ್ವರಾದರೆ ಕಾಯಿ ಯಾವುದು ನಡೆಸಬೇಕೆಂದು ಹೇಳುವವರು ಎಂಟು ಜನ. ಮೊಬೈಲ್ ಆಟಕ್ಕೂ ಇದು ಉಳಿದಿತ್ತು: ಕೆರೆ ಏರಿಯ ಮೇಲೆ ಒಬ್ಬ ಆಡುತ್ತಿದ್ದರೆ ಹೆಗಲ ಮೇಲಿಂದ ಇಬ್ಬರು ಇಣುಕುತ್ತಿರುತ್ತಾರೆ. ಅಮ್ಮ ಹಾದುಹೋಗುವಾಗ ಪರದೆ ನೋಡಬಹುದು, ಮುಖ ನೋಡಬಹುದು. ಇವತ್ತು ಯಾಕೋ ಮಂಕಾಗಿದ್ದಾನೆ ಎಂದು ಅವಳಿಗೆ ತಿಳಿಯುವುದು ಆಟದಿಂದ ಅಲ್ಲ, ಆಡುತ್ತಿರುವ ಮುಖದಿಂದ. ಹೆಡ್‌ಸೆಟ್ ಮುಚ್ಚುವುದು ಆ ಮುಖವನ್ನೇ. ಒಳಗಿರುವವನಿಗೆ ಮನೆ ಕಾಣುವುದಿಲ್ಲ, ಮನೆಯವರಿಗೆ ಅವನು ಕಾಣುವುದಿಲ್ಲ. ಟಿವಿಗೆ ಚಿತ್ರ ಕಳಿಸುವ ಸೌಲಭ್ಯ ಇದೆ, ನಿಜ, ಆದರೆ ಅದನ್ನು ಒತ್ತುವ ಅಧಿಕಾರ ಒಳಗಿರುವವನದು. ತನ್ನನ್ನು ಅದುಮಿಕೊಳ್ಳಲು ಹೋದವನೋ ಹಿಗ್ಗಿಸಿಕೊಳ್ಳಲು ಹೋದವನೋ ಎಂದು ಹೊರಗಿನವರಿಗೆ ಸಿಗುತ್ತಿದ್ದ ಸುಳಿವುಗಳು ಅಲ್ಲಿಗೆ ನಿಂತವು.

ಇದಕ್ಕೆ ಎದುರುವಾದವೂ ಇದೆ, ಬಲವಾದದ್ದೇ. ನಾರ್ವೆಯ ಮ್ಯಾಟ್ಸ್ ಸ್ಟೀನ್ ಸ್ನಾಯು ಕ್ಷಯದಿಂದ ಗಾಲಿಕುರ್ಚಿ ಹಿಡಿದಿದ್ದ ಯುವಕ. 2014ರಲ್ಲಿ 25ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಮಗ ಗೆಳೆಯರಿಲ್ಲದೆ ಒಂಟಿಯಾಗಿ ಹೋದ ಎಂದು ಹೆತ್ತವರು ಕೊರಗಿದರು. ಸಾವಿನ ಸುದ್ದಿಯನ್ನು ಅವನ ಬ್ಲಾಗಿನಲ್ಲಿ ಹಾಕಿದ ಮೇಲೆ ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಅವನು ಇಬೆಲಿನ್ ಎಂಬ ಹೆಸರಿನ ಗಟ್ಟಿಮುಟ್ಟಾದ ಮನುಷ್ಯ, ಜನರ ಕಷ್ಟ ಕೇಳುವವನು, ಮನೆಯ ಜಗಳ ಬಿಡಿಸಿದವನು. ಆ ಗೆಳೆಯರಲ್ಲಿ ಕೆಲವರು ಅಂತ್ಯಕ್ರಿಯೆಗೂ ಬಂದರು. ಅವನ ಮನೆಯವರು ನೋಡುತ್ತಲೇ ಇದ್ದರು, ಆದರೂ ಅವರಿಗೆ ಏನೂ ಕಂಡಿರಲಿಲ್ಲ. ಹಾಗಾದರೆ ನೋಡುವವರು ಹೊರಗೇ ಇರಬೇಕೆಂದಿಲ್ಲ, ಒಳಗೂ ಇರಬಹುದು. ಒಳಗೆ ಯಾರಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಹುಡುಗಿಯರ ಪಾಡು ಇಲ್ಲಿ ಬೇರೆಯೇ. ಕೆರೆ ಏರಿ, ಟೀ ಅಂಗಡಿ, ರಾತ್ರಿ ಹತ್ತರ ಮೇಲಿನ ರಸ್ತೆ, ಇವು ಯಾವುವೂ ಅವರಿಗೆ ಸುಲಭವಾಗಿ ಸಿಕ್ಕಿದ ಜಾಗಗಳಲ್ಲ. ಮನೆ ಬಿಡದೆ ಎಲ್ಲಿಗಾದರೂ ಹೋಗಿಬರುವ ಯಂತ್ರ ಅವರಿಗೆ ವರವಾಗಬೇಕಿತ್ತು. ಮೊಬೈಲ್ ಆಟದಲ್ಲಿ ಗಂಡುಹೆಸರು ಇಟ್ಟುಕೊಂಡು, ಮೈಕ್ ಆಫ್ ಮಾಡಿಕೊಂಡು ಆಡುವ ಹುಡುಗಿಯರಿದ್ದಾರೆ, ದನಿ ಕೇಳಿದ ಕೂಡಲೇ ಶುರುವಾಗುವ ಮಾತುಗಳಿಂದ ಪಾರಾಗಲು. ವಿಆರ್‌ನಲ್ಲಿ ಆ ಉಪಾಯ ನಡೆಯುವುದು ಕಷ್ಟ, ಯಾಕೆಂದರೆ ಅಲ್ಲಿ ದನಿಯಿಲ್ಲದಿದ್ದರೂ ಮೈ ಮಾತಾಡುತ್ತದೆ, ಕೈ ಆಡಿಸುವ ರೀತಿ, ಕತ್ತು ವಾಲಿಸುವ ರೀತಿ. ಜನ ಅವತಾರಗಳಾಗಿ ಸೇರುವ ಮೆಟಾದ ವಿಆರ್ ಲೋಕ ಹೊರೈಜನ್ ವರ್ಲ್ಡ್ಸ್ ಇನ್ನೂ ಪರೀಕ್ಷೆಯ ಹಂತದಲ್ಲಿದ್ದಾಗಲೇ ಅವತಾರವನ್ನು ಮುಟ್ಟಿ ಕಿರುಕುಳ ಕೊಟ್ಟರೆಂಬ ದೂರು ಬಂತು. 2022ರ ಫೆಬ್ರವರಿಯಲ್ಲಿ ಕಂಪನಿ ಪ್ರತಿ ಅವತಾರದ ಸುತ್ತ ಬೇಲಿ ಹಾಕಿತು, ಇಬ್ಬರ ನಡುವೆ ಸುಮಾರು ನಾಲ್ಕು ಅಡಿ ಅಂತರ ಉಳಿಯುವಂತೆ. ಆ ಕಾಲಕ್ಕೆ ಆ ಅವತಾರಗಳಿಗೆ ಕಾಲೇ ಇರಲಿಲ್ಲ, ಸೊಂಟದ ಮೇಲಿನ ದೇಹ ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು. ಕಾಲು ಮೂಡುವ ಮೊದಲೇ ಕಿರುಕುಳ ಮೂಡಿತು.

ಮೈ ಮಾತಾಡುತ್ತದೆ ಎಂದೆ. ಅದನ್ನು ಕೇಳಿಸಿಕೊಳ್ಳುವುದು ಎದುರಿನವರು ಮಾತ್ರವಲ್ಲ. ಬೈಲೆನ್ಸನ್ ಅವರ ಪ್ರಯೋಗಾಲಯ 2020ರಲ್ಲಿ 511 ಜನರಿಗೆ ವಿಆರ್ ವಿಡಿಯೋ ತೋರಿಸಿ ಅವರ ತಲೆ ಮತ್ತು ಕೈಗಳ ಚಲನೆಯನ್ನಷ್ಟೇ ದಾಖಲಿಸಿತು. ಐದು ನಿಮಿಷಕ್ಕೂ ಕಡಿಮೆ ದತ್ತಾಂಶದಿಂದ, 95 ಶೇಕಡಾ ಸಲ, ಇದು ಇಂಥವರೇ ಎಂದು ಗಣಕ ಗುರುತಿಸಿತು. ಪಾಸ್‌ವರ್ಡ್ ಬದಲಿಸಬಹುದು, ನಡಿಗೆ ಬದಲಿಸುವುದು ಹೇಗೆ?

ಹತ್ತಿರ ಬರುವವರು, ದೂರ ಹೋಗುವವರು

ವಿಆರ್‌ನಿಂದ ನಮ್ಮ ಕಡೆ ನಿಜವಾದ ಬದಲಾವಣೆ ಬಂದರೆ ಅದು ಹುಡುಗರ ಆಟದಿಂದ ಬರುವುದಿಲ್ಲ ಎಂಬುದು ನನ್ನ ಅಂದಾಜು. ಮೈಸೂರು ನಿವೃತ್ತರ ಊರು. ಜಯಲಕ್ಷ್ಮೀಪುರಂನಿಂದ ಕುವೆಂಪುನಗರದವರೆಗೆ ಎಷ್ಟೋ ಮನೆಗಳಲ್ಲಿ ಇಬ್ಬರೇ ಇರುತ್ತಾರೆ, ಮಕ್ಕಳು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ. ಈಗಿನ ವಿಡಿಯೋ ಕಾಲ್‌ನಲ್ಲಿ ಮೊಮ್ಮಗು ಚೌಕಟ್ಟಿನಿಂದ ಓಡಿಹೋದರೆ ಅಲ್ಲಿಗೆ ಮುಗಿಯಿತು, ‘ಅಜ್ಜಿಗೆ ಟಾಟಾ ಮಾಡು’ ಎಂದು ಎಳೆದು ತರಬೇಕು. ಒಂದೇ ಕೋಣೆಯಲ್ಲಿ ಇಬ್ಬರೂ ಇರುವಂತೆ ಭಾಸವಾದರೆ, ಮಗು ಎಡಗಡೆ ಓಡಿದಾಗ ದನಿ ಎಡಗಡೆಯಿಂದಲೇ ಬಂದರೆ, ಕಣ್ಣಿಗೆ ಕಣ್ಣು ಕೂಡಿದರೆ, ಆ ಬಳಕೆ ಬೇರೆಯೇ. ಅಂಬಾರಿ ಬನ್ನಿಮಂಟಪದ ಕಡೆ ಹೊರಟಾಗ ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಮಗಳ ಜೊತೆ ನಿಂತ ಹಾಗೆ ನೋಡಬಹುದು, ಮಗಳು ಮೆಲ್ಬರ್ನ್‌ನಲ್ಲಿದ್ದರೂ. ತಂತ್ರಜ್ಞಾನದ ಮಟ್ಟಿಗೆ ಇದು ಆಗದ ಮಾತಲ್ಲ.

ಅಡ್ಡಿಗಳು ಬಹಳ ಸಾಮಾನ್ಯವಾದವು. ಮುಖವನ್ನು ಅಚ್ಚೊತ್ತಿದಂತೆ ತೋರಿಸಬಲ್ಲ ಆ್ಯಪಲ್ ವಿಷನ್ ಪ್ರೋ 2024ರಲ್ಲಿ ಬಂದಾಗ ಬೆಲೆ 3,499 ಡಾಲರ್. ಅಗ್ಗದ್ದರಲ್ಲಿ ಅವತಾರ ಕಾರ್ಟೂನಿನ ಹಾಗಿರುತ್ತದೆ, ಮೊಮ್ಮಗನನ್ನು ಕಾರ್ಟೂನ್ ಮಾಡಿ ನೋಡಲು ಅಜ್ಜಿಗೆ ಅಂಥ ಆಸೆಯೇನಿಲ್ಲ. ಬ್ಯಾಟರಿ ಎರಡು ಗಂಟೆ ಸುಮಾರಿಗೆ ಮುಗಿಯುತ್ತದೆ. ಹೆಡ್‌ಸೆಟ್‌ನ ಮಸೂರಗಳು ಚಿತ್ರವನ್ನು ಒಂದೇ ದೂರದಲ್ಲಿ ನಿಲ್ಲಿಸುತ್ತವೆ, ವಸ್ತು ಹತ್ತಿರ ಕಂಡರೂ ಕಣ್ಣಿನ ಫೋಕಸ್ ದೂರದಲ್ಲೇ ಇರಬೇಕು. ಈ ಎಳೆದಾಟದಿಂದ ಕಣ್ಣು ದಣಿಯುತ್ತದೆ, ಕನ್ನಡಕದವರಿಗೆ ಇನ್ನೂ ಕಿರಿಕಿರಿ. ನ್ಯೂಜೆರ್ಸಿಗೂ ಮೈಸೂರಿಗೂ ನಡುವಿನ ಒಂಬತ್ತೂವರೆ ಗಂಟೆಯನ್ನು, ಚಳಿಗಾಲದಲ್ಲಿ ಹತ್ತೂವರೆಯನ್ನು, ಯಾವ ಯಂತ್ರವೂ ಕಡಿಮೆ ಮಾಡಲಾರದು. ಎಲ್ಲ ಸರಿಹೋದರೂ ಒಂದು ಪ್ರಶ್ನೆ ಉಳಿಯುತ್ತದೆ: ಒಂದೇ ಹೆಡ್‌ಸೆಟ್ ಇರುವ ಮನೆಯಲ್ಲಿ ಅಜ್ಜಿ ಮೊಮ್ಮಗನ ಜೊತೆ ಆಡುತ್ತಿದ್ದರೆ ಪಕ್ಕದ ಸೋಫಾದಲ್ಲಿ ಕೂತ ಅಜ್ಜ ಏನು ಮಾಡಬೇಕು? ದೂರದವರು ಹತ್ತಿರವಾದಷ್ಟೂ ಹತ್ತಿರದವರು ದೂರವಾಗುವ ಲೆಕ್ಕ ಇಲ್ಲೂ ಬರುತ್ತದೆ, ಹುಡುಗರಿಗೆ ಮಾತ್ರವಲ್ಲ.

ಪಕ್ಕದಲ್ಲಿರುವವರ ಸಮಸ್ಯೆ ಕಂಪನಿಗಳಿಗೆ ಗೊತ್ತಿಲ್ಲವೆಂದಲ್ಲ. ವಿಷನ್ ಪ್ರೋದ ಹೊರಮೈಗೆ ಆ್ಯಪಲ್ ಇನ್ನೊಂದು ಪರದೆಯನ್ನೇ ಅಂಟಿಸಿತು, ತೊಟ್ಟವರ ಕಣ್ಣುಗಳ ಚಿತ್ರವನ್ನು ಎದುರಿಗಿದ್ದವರಿಗೆ ತೋರಿಸಲು. ಯಾರಾದರೂ ಹತ್ತಿರ ಬಂದರೆ ಅವರ ಆಕಾರ ಒಳಗಿನ ಲೋಕವನ್ನು ಸೀಳಿಕೊಂಡು ಕಾಣುತ್ತದೆ. ಮುಚ್ಚಿದ ಮುಖಕ್ಕೆ ಮುಖದ ಚಿತ್ರ ಬರೆದ ಹಾಗೆ. ನೋಡಿದವರು ಮೆಚ್ಚಿದ್ದಕ್ಕಿಂತ ನಕ್ಕದ್ದೇ ಹೆಚ್ಚು, ಆದರೆ ಸಮಸ್ಯೆಯನ್ನು ಗುರುತಿಸಿದ್ದಕ್ಕೆ ನಾನು ಅಂಕ ಕೊಡುತ್ತೇನೆ.

ಮಾರುಕಟ್ಟೆ ಮಾತ್ರ ಈಗ ಬೇರೆ ಕಡೆ ತಿರುಗಿದೆ. ಮುಖ ಮುಚ್ಚದ, ನೋಡಲು ಮಾಮೂಲಿ ಕನ್ನಡಕದಂತೆಯೇ ಇರುವ ಯಂತ್ರಗಳು ಬರುತ್ತಿವೆ. ಮೆಟಾ ಮತ್ತು ರೇ-ಬ್ಯಾನ್ ಸೇರಿ ಮಾಡಿದ ಕನ್ನಡಕ 2025ರ ಮೇ ತಿಂಗಳಲ್ಲಿ ಭಾರತಕ್ಕೆ ಬಂತು, ಆರಂಭದ ಬೆಲೆ 29,900 ರೂಪಾಯಿ. ಅದರಲ್ಲಿ ಪರದೆ ಇಲ್ಲ, ಕ್ಯಾಮೆರಾ ಇದೆ, ಮೈಕ್ ಇದೆ. ತೊಟ್ಟವರು ಎಲ್ಲಿಗೂ ಓಡಿಹೋಗುವುದಿಲ್ಲ, ಇಲ್ಲೇ ನಮ್ಮ ಮುಂದೆಯೇ ಇರುತ್ತಾರೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದವರೇ ಈಗ ನೋಡಿಸಿಕೊಳ್ಳುವವರು. ಚಿತ್ರೀಕರಣ ನಡೆಯುವಾಗ ಕನ್ನಡಕದ ಮೂಲೆಯಲ್ಲಿ ಒಂದು ಪುಟ್ಟ ಬಿಳಿ ದೀಪ ಹೊತ್ತಿಕೊಳ್ಳುತ್ತದೆ, ಎದುರಿನವರಿಗೆ ಅದೇ ಸೂಚನೆ ಎಂದು ಕಂಪನಿ ಹೇಳುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಮಾರು ಲೆಕ್ಕದಲ್ಲಿ ಮಲ್ಲಿಗೆ ಅಳೆದುಕೊಡುವ ವ್ಯಾಪಾರಿ ಗಿರಾಕಿಯ ಕನ್ನಡಕದ ಮೂಲೆಯಲ್ಲಿ ಸಾಸಿವೆ ಗಾತ್ರದ ದೀಪ ನೋಡಿ, ತನ್ನನ್ನು ಚಿತ್ರೀಕರಿಸುತ್ತಿದ್ದಾರೆ ಎಂದು ಅರ್ಥ ಮಾಡಿಕೊಂಡು, ಬೇಡ ಎನ್ನಬೇಕಂತೆ. ಇದು ಕಂಪನಿಯ ಮುಗ್ಧತೆಯೋ ಜಾಣತನವೋ ಎಂದು ಕೇಳಿದರೆ, ಜಾಣತನವೆಂದೇ ನನ್ನ ಗುಮಾನಿ.